ನಿಲ್ಲಿಸುವ ವಿದ್ಯೆ: ಕೈಗಾರಿಕಾ ಮೋಟಾರುಗಳಿಗೆ ಎಲೆಕ್ಟ್ರಾನಿಕ್ ಬ್ರೇಕ್ ವಿಧಾನಗಳು

ಹೊಸ ಯಂತ್ರವೊಂದನ್ನು ಖರೀದಿಸುವ ಉದ್ಯಮಿಯು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಮೋಟಾರು ಎಷ್ಟು ಅಶ್ವಶಕ್ತಿಯದು, ಗಂಟೆಗೆ ಎಷ್ಟು ಉತ್ಪಾದನೆ, ವಿದ್ಯುತ್ ಖರ್ಚು ಎಷ್ಟು. ಸ್ಟಾಪ್ ಗುಂಡಿಯನ್ನು ಒತ್ತಿದ ಮೇಲೆ ಯಂತ್ರವು ಎಷ್ಟು ಸೆಕೆಂಡುಗಳಲ್ಲಿ ನಿಲ್ಲುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಕಾರ್ಮಿಕನ ಬೆರಳುಗಳ ಸುರಕ್ಷತೆ ಮತ್ತು ಪಾಳಿಯ ಉತ್ಪಾದನೆ ಎರಡೂ ಹಲವು ವೇಳೆ ಈ ನಾಲ್ಕನೆಯ ಪ್ರಶ್ನೆಯನ್ನೇ ಅವಲಂಬಿಸಿರುತ್ತವೆ.

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ, ಮಂಗಳೂರಿನ ಬೈಕಂಪಾಡಿಯಲ್ಲಾಗಲಿ ಸಣ್ಣ ಕೈಗಾರಿಕೆಗಳ ಯಂತ್ರಗಳನ್ನು ತಿರುಗಿಸುವುದು ಬಹುಪಾಲು 415 ವೋಲ್ಟ್, ಮೂರು ಫೇಸ್‌ನ ಇಂಡಕ್ಷನ್ ಮೋಟಾರು. ಈ ಮೋಟಾರಿಗೆ ವಿದ್ಯುತ್ ಕಡಿತವಾದೊಡನೆ ಚಾಲಕ ಶಕ್ತಿ ಇಲ್ಲವಾಗುತ್ತದೆಯೇ ಹೊರತು ತಿರುಗುವಿಕೆ ನಿಲ್ಲುವುದಿಲ್ಲ. ಬ್ಯಾಂಡ್ ಸಾ ಯಂತ್ರದ ಭಾರವಾದ ಗಾಲಿ, ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆಯ ನೀರು ಹಿಂಡುವ ಹೈಡ್ರೋ ಎಕ್ಸ್‌ಟ್ರಾಕ್ಟರಿನ ಬುಟ್ಟಿ, ದೊಡ್ಡ ಗ್ರೈಂಡರಿನ ಕಲ್ಲು ಇವೆಲ್ಲ ಬೇರಿಂಗಿನ ಘರ್ಷಣೆಯೊಂದನ್ನೇ ನಂಬಿ ನಿಧಾನವಾಗಿ ನಿಲ್ಲುತ್ತವೆ. ಅದಕ್ಕೆ ಒಂದು ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಆ ಅವಧಿಯಲ್ಲಿ ಮೋಟಾರಿನ ಸದ್ದು ಅಡಗಿರುತ್ತದೆ, ಆದರೆ ಹಲ್ಲುಗಳು ತಿರುಗುತ್ತಲೇ ಇರುತ್ತವೆ. ಯಂತ್ರ ನಿಂತಿತೆಂದು ಭಾವಿಸಿ ಕೈ ಹಾಕುವುದು, ಮರದ ತುಂಡೊಂದನ್ನು ಒತ್ತಿ ಹಿಡಿದು ಬೇಗ ನಿಲ್ಲಿಸಲು ಯತ್ನಿಸುವುದು ಇವೆರಡೂ ಅಪಘಾತಕ್ಕೆ ನೇರ ದಾರಿಗಳು.

ನಿಲ್ಲಿಸುವುದೆಂದರೆ ಏನು?

ತಿರುಗುವ ವಸ್ತುವಿನಲ್ಲಿ ಚಲನಶಕ್ತಿ ಸಂಗ್ರಹವಾಗಿರುತ್ತದೆ. ಬ್ರೇಕ್ ಹಾಕುವುದೆಂದರೆ ಈ ಶಕ್ತಿಯನ್ನು ಬೇರೊಂದು ಕಡೆಗೆ ಸಾಗಿಸುವುದು. ಶಕ್ತಿಯು ನಾಶವಾಗುವುದಿಲ್ಲ. ಅದು ಬ್ರೇಕ್ ಪಟ್ಟಿಯಲ್ಲಿ ಶಾಖವಾಗಬೇಕು, ಇಲ್ಲವೇ ಮೋಟಾರಿನೊಳಗೆ ಶಾಖವಾಗಬೇಕು, ಇಲ್ಲವೇ ಹೊರಗಿನ ರೆಸಿಸ್ಟರಿನಲ್ಲಿ ಶಾಖವಾಗಬೇಕು, ಇಲ್ಲವೇ ವಿದ್ಯುತ್ ಆಗಿ ಜಾಲಕ್ಕೆ ಮರಳಬೇಕು. ಮುಂದೆ ವಿವರಿಸುವ ಎಲ್ಲ ವಿಧಾನಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ: ಶಾಖವು ಎಲ್ಲಿಗೆ ಹೋಗುತ್ತದೆ?

ಒಂದು ಉದಾಹರಣೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. 10 ಅಶ್ವಶಕ್ತಿಯ, ಅಂದರೆ 7.5 ಕಿಲೊವಾಟ್‌ನ, ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗುವ ಮೋಟಾರು ಒಂದು ಗರಗಸ ಯಂತ್ರವನ್ನು ನಡೆಸುತ್ತಿದೆ. ಗಾಲಿ, ಪುಲ್ಲಿ, ಮೋಟಾರಿನ ರೋಟರು ಎಲ್ಲ ಸೇರಿ ಮೋಟಾರಿನ ವೇಗಕ್ಕೆ ಪರಿವರ್ತಿಸಿದ ಜಡತ್ವ 2 ಕಿಲೊಗ್ರಾಂ-ಚದರ ಮೀಟರ್ ಎಂದಿರಲಿ. ಆಗ ಅದರಲ್ಲಿರುವ ಚಲನಶಕ್ತಿ ಸುಮಾರು 24.6 ಕಿಲೊಜೌಲ್. ಈ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧಕ್ಕೆ ಇಳಿದಾಗ ಶಕ್ತಿ ಕಾಲುಭಾಗಕ್ಕೆ ಇಳಿದಿರುತ್ತದೆ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಪುಲ್ಲಿ ಬದಲಿಸಿ ಯಂತ್ರದ ವೇಗವನ್ನು ಹೆಚ್ಚಿಸಿಕೊಂಡವರು ಈ ಮಾತನ್ನು ನೆನಪಿನಲ್ಲಿಡಬೇಕು.

ಇದೇ ಮೋಟಾರಿನ ಪೂರ್ಣಭಾರದ ತಿರುಗುಬಲ ಸುಮಾರು 49 ನ್ಯೂಟನ್-ಮೀಟರ್. ಅಷ್ಟೇ ಬಲವನ್ನು ವಿರುದ್ಧ ದಿಕ್ಕಿನಲ್ಲಿ ಪ್ರಯೋಗಿಸಿದರೆ ಯಂತ್ರವು ಸುಮಾರು ಆರೂವರೆ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಬ್ರೇಕ್ ಇಲ್ಲದೆ ಒಂದು ನಿಮಿಷ ತಿರುಗುತ್ತಿದ್ದ ಯಂತ್ರವಾದರೆ ಪ್ರತಿಬಾರಿಯೂ ಸುಮಾರು 53 ಸೆಕೆಂಡು ಉಳಿತಾಯ. ಪಾಳಿಯೊಂದರಲ್ಲಿ 40 ಬಾರಿ ನಿಲ್ಲಿಸಬೇಕಾದ ಕೆಲಸವಿದ್ದರೆ ಒಟ್ಟು ಸುಮಾರು 35 ನಿಮಿಷ. ಬ್ರೇಕ್ ಉಪಕರಣದ ಬೆಲೆಯನ್ನು ತೂಗುವಾಗ ಈ ಸರಳ ಗುಣಾಕಾರವನ್ನು ಪ್ರತಿಯೊಬ್ಬ ಉದ್ಯಮಿಯೂ ತನ್ನ ಯಂತ್ರಕ್ಕೆ ಮಾಡಿ ನೋಡಬಹುದು.

ಹಳೆಯ ಮಾರ್ಗ: ಪ್ಲಗಿಂಗ್

ಎಲೆಕ್ಟ್ರಾನಿಕ್ ಉಪಕರಣಗಳು ಬರುವ ಮುನ್ನವೇ ಪ್ರಚಲಿತವಾಗಿದ್ದ ವಿಧಾನ ಪ್ಲಗಿಂಗ್. ಓಡುತ್ತಿರುವ ಮೋಟಾರಿನ ಎರಡು ಫೇಸ್‌ಗಳನ್ನು ಅದಲು ಬದಲು ಮಾಡಿದರೆ ಅದು ಹಿಮ್ಮುಖವಾಗಿ ತಿರುಗಲು ಯತ್ನಿಸುತ್ತದೆ ಮತ್ತು ಬೇಗನೆ ವೇಗ ಕಳೆದುಕೊಳ್ಳುತ್ತದೆ. ವೇಗ ಶೂನ್ಯವಾದ ಕ್ಷಣದಲ್ಲಿ ವಿದ್ಯುತ್ತನ್ನು ಕಡಿತಗೊಳಿಸದಿದ್ದರೆ ಯಂತ್ರ ಹಿಂದಕ್ಕೆ ತಿರುಗತೊಡಗುತ್ತದೆ. ಆದ್ದರಿಂದ ಶೂನ್ಯವೇಗವನ್ನು ಗುರುತಿಸುವ ಸ್ವಿಚ್ ಅನಿವಾರ್ಯ.

ಇದರ ವೆಚ್ಚ ಕಡಿಮೆ. ಒಂದು ರಿವರ್ಸ್ ಕಾಂಟಾಕ್ಟರ್ ಮತ್ತು ಒಂದು ಸ್ವಿಚ್ ಸಾಕು. ಆದರೆ ಶಾಖದ ಲೆಕ್ಕ ಕಠಿಣವಾದುದು. ಯಂತ್ರದ ಚಲನಶಕ್ತಿಯ ಜೊತೆಗೆ ಅದರ ಎರಡು ಪಟ್ಟು ಶಕ್ತಿಯು ವಿದ್ಯುತ್ ಜಾಲದಿಂದ ರೋಟರಿಗೆ ಬಂದು ಸೇರುತ್ತದೆ. ಹೀಗಾಗಿ ಒಂದು ಬಾರಿ ನಿಲ್ಲಿಸುವಾಗ ರೋಟರಿನಲ್ಲಿ ಉತ್ಪತ್ತಿಯಾಗುವ ಶಾಖವು ಚಲನಶಕ್ತಿಯ ಮೂರು ಪಟ್ಟು, ಮೇಲಿನ ಉದಾಹರಣೆಯಲ್ಲಿ ಸುಮಾರು 74 ಕಿಲೊಜೌಲ್. ಮರಳಿ ಪ್ರಾರಂಭಿಸುವಾಗ ಇನ್ನೊಂದು ಪಟ್ಟು. ಸ್ಟೇಟರಿನ ಸುರುಳಿಗಳಲ್ಲಿ ಆಗುವ ಶಾಖ ಇದಕ್ಕೆ ಹೊರತು. ಪದೇಪದೇ ನಿಲ್ಲಿಸುವ ಯಂತ್ರಕ್ಕೆ ಪ್ಲಗಿಂಗ್ ಅಳವಡಿಸಿ, ಮೋಟಾರು ಸುಟ್ಟಾಗ ರಿವೈಂಡಿಂಗ್ ಮಾಡಿದವನನ್ನು ದೂರುವುದು ನ್ಯಾಯವಲ್ಲ.

ಡಿ.ಸಿ. ಬ್ರೇಕ್: ಸಣ್ಣ ಉದ್ಯಮಕ್ಕೆ ಹೊಂದುವ ಸರಳ ಮಾರ್ಗ

ಮೋಟಾರಿನ ಸ್ಟೇಟರಿಗೆ ಪರ್ಯಾಯ ವಿದ್ಯುತ್ತಿನ ಬದಲು ನೇರ ವಿದ್ಯುತ್ತನ್ನು ಹರಿಸಿದರೆ, ತಿರುಗುವ ಕಾಂತಕ್ಷೇತ್ರದ ಸ್ಥಾನದಲ್ಲಿ ಸ್ಥಿರ ಕಾಂತಕ್ಷೇತ್ರ ಏರ್ಪಡುತ್ತದೆ. ಸ್ಥಿರ ಕ್ಷೇತ್ರದೊಳಗೆ ತಿರುಗುವ ರೋಟರಿನ ಸಲಾಕೆಗಳಲ್ಲಿ ಪ್ರವಾಹ ಪ್ರೇರಿತವಾಗಿ, ತನ್ನ ಹುಟ್ಟಿಗೆ ಕಾರಣವಾದ ಚಲನೆಯನ್ನೇ ಅದು ವಿರೋಧಿಸುತ್ತದೆ. 1834ರಲ್ಲಿ ಲೆಂಝ್ ಮಂಡಿಸಿದ ನಿಯಮವೇ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರೂಪುಗೊಂಡ ಥೈರಿಸ್ಟರ್ ಎಂಬ ಅರೆವಾಹಕ ಸಾಧನವು ಈ ನೇರ ವಿದ್ಯುತ್ತನ್ನು ಬೇಕಾದಷ್ಟೇ ಪ್ರಮಾಣದಲ್ಲಿ ಹರಿಸಲು ನೆರವಾಯಿತು. ಮಾರುಕಟ್ಟೆಯಲ್ಲಿ ದೊರೆಯುವ ಎಲೆಕ್ಟ್ರಾನಿಕ್ ಬ್ರೇಕ್ ಯೂನಿಟ್‌ಗಳು ಬಹುತೇಕ ಈ ತತ್ತ್ವದವು.

ಕೆಲಸದ ಕ್ರಮ ಹೀಗಿದೆ. ಸ್ಟಾಪ್ ಗುಂಡಿ ಒತ್ತಿದೊಡನೆ ಮುಖ್ಯ ಕಾಂಟಾಕ್ಟರ್ ತೆರೆದುಕೊಳ್ಳುತ್ತದೆ. ಮೋಟಾರಿನಲ್ಲಿ ಉಳಿದಿರುವ ಕಾಂತತ್ವವು ಇಳಿಯಲು ಯೂನಿಟ್ ಅಲ್ಪ ಕಾಲ ಕಾಯುತ್ತದೆ. ಈ ವಿರಾಮವಿಲ್ಲದಿದ್ದರೆ ಮೋಟಾರಿನಿಂದ ಬರುವ ಹಿಮ್ಮುಖ ವೋಲ್ಟೇಜು ಥೈರಿಸ್ಟರನ್ನು ಹಾಳು ಮಾಡಬಹುದು. ಆನಂತರ ಬ್ರೇಕ್ ಕಾಂಟಾಕ್ಟರ್ ಮುಚ್ಚಿಕೊಂಡು ಎರಡು ತಂತಿಗಳ ಮೂಲಕ ನೇರ ವಿದ್ಯುತ್ ಹರಿಯುತ್ತದೆ. ಮೋಟಾರು ನಿಂತ ಮೇಲೆ, ಅಥವಾ ಟೈಮರಿನಲ್ಲಿ ನಿಗದಿಪಡಿಸಿದ ಅವಧಿ ಮುಗಿದ ಮೇಲೆ, ಪ್ರವಾಹ ಕಡಿತವಾಗುತ್ತದೆ.

ಬ್ರೇಕ್ ಪ್ರವಾಹವನ್ನು ಸಾಮಾನ್ಯವಾಗಿ ಮೋಟಾರಿನ ಪೂರ್ಣಭಾರ ಪ್ರವಾಹದ ಒಂದೂವರೆಯಿಂದ ಎರಡೂವರೆ ಪಟ್ಟಿನವರೆಗೆ ಹೊಂದಿಸಲಾಗುತ್ತದೆ. 7.5 ಕಿಲೊವಾಟ್ ಮೋಟಾರಿನ ಪೂರ್ಣಭಾರ ಪ್ರವಾಹ ಸುಮಾರು 15 ಆಂಪಿಯರ್. ಅದರ ಇಮ್ಮಡಿ 30 ಆಂಪಿಯರ್. ಎರಡು ಟರ್ಮಿನಲ್‌ಗಳ ನಡುವಿನ ಸುರುಳಿಯ ರೋಧ 1.2 ಓಮ್ ಎಂದಿಟ್ಟುಕೊಂಡರೆ ಅಷ್ಟು ಪ್ರವಾಹಕ್ಕೆ ಬೇಕಾಗುವುದು ಕೇವಲ 36 ವೋಲ್ಟ್. ನೇರ ವಿದ್ಯುತ್ತಿಗೆ ಸುರುಳಿಯ ರೋಧವೊಂದೇ ಅಡ್ಡಿ ಎಂಬುದನ್ನು ಅರಿಯದೆ ದೊಡ್ಡ ವೋಲ್ಟೇಜು ಹಾಯಿಸಿದರೆ ಸುರುಳಿಯು ಕ್ಷಣಾರ್ಧದಲ್ಲಿ ಕೆಡುತ್ತದೆ. ಬಿಡಿ ಡಯೋಡುಗಳನ್ನು ಜೋಡಿಸಿ ಕಾರ್ಖಾನೆಯಲ್ಲೇ ಬ್ರೇಕ್ ತಯಾರಿಸಿಕೊಳ್ಳುವ ಪ್ರಯೋಗಗಳು ವಿಫಲವಾಗುವುದಕ್ಕೆ ಇದೊಂದು ಕಾರಣ.

ಈ ವಿಧಾನದಲ್ಲಿ ರೋಟರಿನಲ್ಲಿ ಉತ್ಪತ್ತಿಯಾಗುವ ಶಾಖವು ಚಲನಶಕ್ತಿಯ ಒಂದು ಪಟ್ಟು ಮಾತ್ರ, ಅಂದರೆ ಪ್ಲಗಿಂಗಿನ ಮೂರನೆಯ ಒಂದು ಭಾಗ. ಯಂತ್ರವು ಹಿಂದಕ್ಕೆ ತಿರುಗುವ ಅಪಾಯವೂ ಇಲ್ಲ. ಆದರೆ ಎರಡು ಮಿತಿಗಳಿವೆ. ಪೂರ್ಣವೇಗದಲ್ಲಿ ಬ್ರೇಕಿನ ಬಲ ಕಡಿಮೆ, ವೇಗ ಇಳಿದಂತೆ ಅದು ಹೆಚ್ಚುತ್ತ ಹೋಗಿ ನಿಲ್ಲುವ ಸನಿಹದಲ್ಲಿ ಗರಿಷ್ಠವಾಗುತ್ತದೆ. ಪೂರ್ತಿ ನಿಂತ ಮೇಲೆ ಆ ಬಲ ಶೂನ್ಯ. ಆದ್ದರಿಂದ ಡಿ.ಸಿ. ಬ್ರೇಕ್ ತಿರುಗುವ ಗಾಲಿಯನ್ನು ನಿಲ್ಲಿಸಬಲ್ಲುದು, ತೂಗುವ ಭಾರವನ್ನು ಹಿಡಿದಿಡಲಾರದು. ಹಾಯ್ಸ್ಟ್, ಕ್ರೇನ್, ಸರಕು ಲಿಫ್ಟುಗಳಿಗೆ ಸ್ಪ್ರಿಂಗ್ ಬಲದಿಂದ ಬಿಗಿಯುವ ಯಾಂತ್ರಿಕ ಬ್ರೇಕ್ ಇರಲೇಬೇಕು.

ಡ್ರೈವ್ ಮೂಲಕ ನಿಲ್ಲಿಸುವುದು

ವೇಗ ನಿಯಂತ್ರಣಕ್ಕಾಗಿ ವಿ.ಎಫ್.ಡಿ. ಎಂದು ಕರೆಯುವ ಡ್ರೈವ್ ಅಳವಡಿಸಿರುವ ಯಂತ್ರಗಳಲ್ಲಿ ಬ್ರೇಕಿನ ಮಾರ್ಗವೇ ಬೇರೆ. ಡ್ರೈವ್ ತನ್ನ ಆವರ್ತನವನ್ನು 50 ಹರ್ಟ್ಝ್‌ನಿಂದ ಕ್ರಮೇಣ ಇಳಿಸುತ್ತದೆ. ರೋಟರು ಕಾಂತಕ್ಷೇತ್ರಕ್ಕಿಂತ ವೇಗವಾಗಿ ತಿರುಗುತ್ತಿರುವುದರಿಂದ ಮೋಟಾರು ಆಗ ಜನರೇಟರ್ ಆಗುತ್ತದೆ. ಯಂತ್ರದ ಚಲನಶಕ್ತಿ ವಿದ್ಯುತ್ತಾಗಿ ಡ್ರೈವ್‌ನೊಳಗಿನ ಡಿ.ಸಿ. ಬಸ್‌ಗೆ ಹಿಂತಿರುಗುತ್ತದೆ.

ಸಮಸ್ಯೆ ಆರಂಭವಾಗುವುದು ಇಲ್ಲಿಯೇ. 415 ವೋಲ್ಟ್ ಪೂರೈಕೆಯ ಡ್ರೈವ್‌ನಲ್ಲಿ ಬಸ್ ವೋಲ್ಟೇಜು ಸಾಮಾನ್ಯವಾಗಿ ಸುಮಾರು 587. ಸಾಧಾರಣ ಡ್ರೈವ್‌ನ ಮುಂಭಾಗದ ಡಯೋಡ್ ಸೇತುವೆಯು ವಿದ್ಯುತ್ತನ್ನು ಒಳಗೆ ಬಿಡುತ್ತದೆ, ಜಾಲಕ್ಕೆ ಮರಳಿ ಹೋಗಗೊಡುವುದಿಲ್ಲ. ಹಿಂತಿರುಗಿದ ಶಕ್ತಿಯು ಕೆಪಾಸಿಟರುಗಳಲ್ಲಿ ತುಂಬಿ ವೋಲ್ಟೇಜು ಏರುತ್ತದೆ. ಸುಮಾರು 800 ವೋಲ್ಟ್ ಮುಟ್ಟುತ್ತಿದ್ದಂತೆ ಡ್ರೈವ್ ಆತ್ಮರಕ್ಷಣೆಗಾಗಿ ಟ್ರಿಪ್ ಆಗುತ್ತದೆ. ಟ್ರಿಪ್ ಆದ ಡ್ರೈವ್ ಮೋಟಾರನ್ನು ಬಿಟ್ಟುಬಿಡುವುದರಿಂದ ಯಂತ್ರ ಮತ್ತೆ ತನ್ನಷ್ಟಕ್ಕೆ ತಿರುಗುತ್ತದೆ. ಬೇಗ ನಿಲ್ಲಲೆಂದು ಇಳಿಕೆಯ ಅವಧಿಯನ್ನು ಎರಡು ಸೆಕೆಂಡಿಗೆ ಇಳಿಸಿದವರಿಗೆ ಯಂತ್ರವು ಮೊದಲಿಗಿಂತ ತಡವಾಗಿ ನಿಲ್ಲುವ ಅನುಭವವಾಗುವುದು ಈ ಕಾರಣದಿಂದಲೇ.

ಪರಿಹಾರವೆಂದರೆ ಬ್ರೇಕ್ ಚಾಪರ್ ಮತ್ತು ರೆಸಿಸ್ಟರ್. ವೋಲ್ಟೇಜು 700ರಿಂದ 780ರ ನಡುವೆ ತಯಾರಕರು ನಿಗದಿಪಡಿಸಿದ ಮಟ್ಟ ತಲುಪಿದಾಗ ಚಾಪರ್ ಎಂಬ ಟ್ರಾನ್ಸಿಸ್ಟರ್ ಸ್ವಿಚ್ ಹೆಚ್ಚುವರಿ ಶಕ್ತಿಯನ್ನು ಹೊರಗಿನ ರೆಸಿಸ್ಟರಿಗೆ ಹಾಯಿಸುತ್ತದೆ. ಸಣ್ಣ ಡ್ರೈವ್‌ಗಳಲ್ಲಿ ಚಾಪರ್ ಹಲವು ವೇಳೆ ಒಳಗೇ ಇರುತ್ತದೆ, ರೆಸಿಸ್ಟರನ್ನು ಮಾತ್ರ ಪ್ರತ್ಯೇಕವಾಗಿ ಕೊಳ್ಳಬೇಕು.

ರೆಸಿಸ್ಟರಿನ ಆಯ್ಕೆಯನ್ನು ಅಂದಾಜಿಗೆ ಬಿಡಬಾರದು. ಹಿಂದಿನ ಉದಾಹರಣೆಯನ್ನೇ ಮುಂದುವರಿಸಿದರೆ, 24.6 ಕಿಲೊಜೌಲ್ ಶಕ್ತಿಯು ಆರೂವರೆ ಸೆಕೆಂಡಿನಲ್ಲಿ ಹೊರಹೋಗಬೇಕು. ಸರಾಸರಿ 3.8 ಕಿಲೊವಾಟ್. ಆದರೆ ವೇಗ ಸಮನಾಗಿ ಇಳಿಯುವಾಗ ಮೊದಲ ಕ್ಷಣದ ಶಕ್ತಿಯು ಸರಾಸರಿಯ ಇಮ್ಮಡಿ ಇರುತ್ತದೆ, ಅಂದರೆ ಸುಮಾರು 7.6 ಕಿಲೊವಾಟ್. ಬಸ್ 750 ವೋಲ್ಟ್‌ನಲ್ಲಿ ಇರುವಾಗ ಅಷ್ಟನ್ನು ಸೆಳೆಯಲು ರೆಸಿಸ್ಟರ್ 74 ಓಮ್‌ಗಿಂತ ಹೆಚ್ಚಿರಬಾರದು. ಡ್ರೈವ್ ತಯಾರಕರು ಸೂಚಿಸಿದ ಕನಿಷ್ಠ ಓಮ್‌ಗಿಂತ ಕಡಿಮೆಯೂ ಇರಬಾರದು, ಇದ್ದರೆ ಚಾಪರ್ ಸುಡುತ್ತದೆ. ಇನ್ನು ನಿರಂತರ ಶಾಖದ ಲೆಕ್ಕ. ಎಂಟು ಗಂಟೆಯಲ್ಲಿ 40 ಬಾರಿ ನಿಲ್ಲಿಸಿದರೆ 12 ನಿಮಿಷಕ್ಕೊಮ್ಮೆ ಎಂದಾಯಿತು, ಸರಾಸರಿ ಕೇವಲ 34 ವಾಟ್. ಕ್ಷಣಕಾಲ 7.6 ಕಿಲೊವಾಟ್ ತಾಳಬಲ್ಲ, ಆದರೆ ನಿರಂತರ ಸಾಮರ್ಥ್ಯ ಅಲ್ಪವಾಗಿರುವ ರೆಸಿಸ್ಟರ್ ಇಲ್ಲಿ ಸಾಕು. ಇದೇ ಯಂತ್ರವನ್ನು ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸುವುದಾದರೆ ಸರಾಸರಿ 820 ವಾಟ್ ಆಗುತ್ತದೆ, ಬೆಲೆಯೂ ಗಾತ್ರವೂ ಬೇರೆಯಾಗುತ್ತವೆ. ಆದ್ದರಿಂದ ಮೋಟಾರಿನ ಅಶ್ವಶಕ್ತಿಯನ್ನಷ್ಟೇ ಕೇಳಿ ರೆಸಿಸ್ಟರ್ ಕೊಡುವ ಮಾರಾಟಗಾರನಿಗೆ ನಿಲುಗಡೆಯ ಸಂಖ್ಯೆಯನ್ನೂ ಅವಧಿಯನ್ನೂ ಗ್ರಾಹಕನೇ ತಿಳಿಸಬೇಕು.

ರೆಸಿಸ್ಟರ್ ಬಿಸಿಯಾಗುವ ವಸ್ತು. ಅದನ್ನು ಪ್ಯಾನೆಲ್‌ನ ಹೊರಗೆ, ಗಾಳಿಯಾಡುವ ಕಡೆ, ಮರದ ಹೊಟ್ಟು ಹಾಗೂ ಹತ್ತಿಯ ನಾರಿನಿಂದ ದೂರವಿಡಬೇಕು. ಚಾಪರ್ ಕೆಟ್ಟು ಸದಾ ಮುಚ್ಚಿಕೊಂಡೇ ಉಳಿದರೆ ರೆಸಿಸ್ಟರ್ ನಿರಂತರವಾಗಿ ಉರಿಯತೊಡಗುತ್ತದೆ. ಶಾಖದ ಸ್ವಿಚ್ಚನ್ನು ಡ್ರೈವ್‌ನ ಒಳಬರುವ ಕಾಂಟಾಕ್ಟರಿಗೆ ಜೋಡಿಸಿದ್ದರೆ ಮಾತ್ರ ಈ ಬೆಂಕಿ ತಪ್ಪುತ್ತದೆ.

ಶಕ್ತಿಯನ್ನು ಜಾಲಕ್ಕೆ ಮರಳಿಸುವುದು ಲಾಭವೇ?

ಬ್ರೇಕಿನ ಶಕ್ತಿಯನ್ನು ಶಾಖವಾಗಿ ಕಳೆಯುವ ಬದಲು ಜಾಲಕ್ಕೆ ಹಿಂತಿರುಗಿಸುವ ಡ್ರೈವ್‌ಗಳೂ ಇವೆ. ರೈಲುಗಳಲ್ಲಿ ಇದು ಸುಪರಿಚಿತ. ದೆಹಲಿ ಮೆಟ್ರೊದ ಇಂತಹ ಯೋಜನೆಯು 2007ರಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು.

ಸಣ್ಣ ಯಂತ್ರಕ್ಕೆ ಇದು ಲಾಭವೇ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಒಂದು ಯೂನಿಟ್ ವಿದ್ಯುತ್ ಎಂದರೆ 3600 ಕಿಲೊಜೌಲ್. ಪಾಳಿಗೆ 40 ಬಾರಿ ನಿಲ್ಲುವ ಮೇಲಿನ ಗರಗಸದಿಂದ ಮರಳುವುದು ಹೆಚ್ಚೆಂದರೆ 984 ಕಿಲೊಜೌಲ್, ಅಂದರೆ ಕಾಲು ಯೂನಿಟ್‌ಗಿಂತ ತುಸು ಹೆಚ್ಚು. ಅದಕ್ಕಾಗಿ ದುಬಾರಿ ಡ್ರೈವ್ ಕೊಳ್ಳುವುದು ವ್ಯವಹಾರವಲ್ಲ. ಅದೇ 5 ಟನ್ ಭಾರವನ್ನು 10 ಮೀಟರ್ ಎತ್ತರದಿಂದ ಇಳಿಸುವ ಕ್ರೇನಿನಲ್ಲಿ ಪ್ರತಿಬಾರಿಯೂ ಸುಮಾರು 490 ಕಿಲೊಜೌಲ್ ಬಿಡುಗಡೆಯಾಗುತ್ತದೆ. ದಿನಕ್ಕೆ 200 ಬಾರಿ ಇಳಿಸಿದರೆ 27 ಯೂನಿಟ್. ಗೇರ್ ಮತ್ತು ಮೋಟಾರಿನ ನಷ್ಟ ಕಳೆದು ಉಳಿದದ್ದು ಜಾಲಕ್ಕೆ ಸೇರುತ್ತದೆ. ಅಲ್ಲಿ ಈ ಉಪಕರಣವನ್ನು ಪರಿಶೀಲಿಸುವುದಕ್ಕೆ ಅರ್ಥವಿದೆ. ವಿದ್ಯುತ್ ಉಳಿತಾಯವೆಂಬ ಮಾತನ್ನು ಕೇಳಿದೊಡನೆ ಒಪ್ಪದೆ ಯೂನಿಟ್‌ಗಳಲ್ಲಿ ಲೆಕ್ಕ ಕೇಳುವುದು ಲೇಸು.

ಕರೆಂಟು ಹೋದರೆ?

ಬ್ರೇಕ್ ಯೂನಿಟ್ ಕೊಳ್ಳುವವರು ಮರೆಯುವ ಅತಿ ಮುಖ್ಯ ಸಂಗತಿ ಇದು. ಪ್ಲಗಿಂಗ್ ಹಾಗೂ ಡಿ.ಸಿ. ಬ್ರೇಕ್ ಎರಡೂ ಕೆಲಸ ಮಾಡಲು ವಿದ್ಯುತ್ ಬೇಕು. ಯಂತ್ರ ಓಡುತ್ತಿರುವಾಗ ಕರೆಂಟು ಹೋದರೆ, ಫ್ಯೂಸ್ ಸುಟ್ಟರೆ, ಯಾರಾದರೂ ಮುಖ್ಯ ಸ್ವಿಚ್ಚನ್ನೇ ಇಳಿಸಿದರೆ ಬ್ರೇಕ್ ಇರುವುದಿಲ್ಲ. ಬೇಗ ನಿಲ್ಲುವ ಯಂತ್ರಕ್ಕೆ ಒಗ್ಗಿಹೋದ ಕಾರ್ಮಿಕನು ಆರು ಸೆಕೆಂಡು ಕಳೆದು ಕೈ ಹಾಕುತ್ತಾನೆ, ಆದರೆ ಅಂದು ಹಲ್ಲು ಇನ್ನೂ ತಿರುಗುತ್ತಿರುತ್ತದೆ. ಬ್ರೇಕ್ ಇದೆಯೆಂಬ ನಂಬಿಕೆಯೇ ಅಪಾಯವಾಗುವ ಸಂದರ್ಭ ಇದು.

ಕೆಲವು ಡ್ರೈವ್‌ಗಳಲ್ಲಿ ಕರೆಂಟು ಹೋದಾಗ ಯಂತ್ರದ ಚಲನಶಕ್ತಿಯಿಂದಲೇ ಡಿ.ಸಿ. ಬಸ್‌ಅನ್ನು ಜೀವಂತವಾಗಿಟ್ಟುಕೊಂಡು ಕ್ರಮಬದ್ಧವಾಗಿ ನಿಲ್ಲಿಸುವ ಸೌಲಭ್ಯವಿದೆ. ಅದನ್ನು ಡ್ರೈವ್‌ನ ಹೊಂದಾಣಿಕೆಗಳಲ್ಲಿ ಆರಿಸಿಕೊಳ್ಳಬೇಕಾಗುತ್ತದೆ. ಕರೆಂಟು ಹೋದಾಗಲೂ ನಿಲ್ಲಲೇಬೇಕಾದ ಯಂತ್ರಕ್ಕೆ ಮಾತ್ರ ಉತ್ತರ ಒಂದೇ: ವಿದ್ಯುತ್ ಇರುವಾಗ ಸಡಿಲಗೊಂಡು ಇಲ್ಲದಾಗ ಸ್ಪ್ರಿಂಗ್‌ನಿಂದ ಬಿಗಿಯುವ ಬ್ರೇಕ್ ಮೋಟಾರು.

ತುರ್ತು ನಿಲುಗಡೆಯ ಗುಂಡಿಯ ಜೋಡಣೆಯೂ ಇಲ್ಲಿ ಮುಖ್ಯ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐ.ಇ.ಸಿ. 60204-1 ನಿಲುಗಡೆಯನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ವಿದ್ಯುತ್ತನ್ನು ತಕ್ಷಣ ಕಡಿಯುವುದು ಸೊನ್ನೆ ವರ್ಗ. ವಿದ್ಯುತ್ ಬಳಸಿ ನಿಯಂತ್ರಿತವಾಗಿ ನಿಲ್ಲಿಸಿ ಆನಂತರ ಕಡಿಯುವುದು ಒಂದನೆಯ ವರ್ಗ. ನಿಲ್ಲಿಸಿದ ಮೇಲೂ ವಿದ್ಯುತ್ ಉಳಿಸುವುದು ಎರಡನೆಯ ವರ್ಗ. ತುರ್ತು ನಿಲುಗಡೆಗೆ ಮೊದಲೆರಡು ಮಾತ್ರ ಸಲ್ಲುತ್ತವೆ. ಎಲೆಕ್ಟ್ರಾನಿಕ್ ಬ್ರೇಕ್ ಇರುವ ಯಂತ್ರದಲ್ಲಿ ಕೆಂಪು ಗುಂಡಿಯು ನೇರವಾಗಿ ವಿದ್ಯುತ್ತನ್ನು ಕಡಿದರೆ, ತೀರ ಅಗತ್ಯವಾದ ಗಳಿಗೆಯಲ್ಲಿಯೇ ಬ್ರೇಕ್ ಇಲ್ಲದಂತಾಗುತ್ತದೆ. ಅಲ್ಲಿ ಒಂದನೆಯ ವರ್ಗದ ಜೋಡಣೆ ಬೇಕು.

ಕಾನೂನಿನ ದೃಷ್ಟಿ

ಅಪಾಯದ ಸಂದರ್ಭದಲ್ಲಿ ಚಾಲನೆಯಲ್ಲಿರುವ ಯಂತ್ರಗಳ ಶಕ್ತಿಯನ್ನು ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 24ನೆಯ ಪ್ರಕರಣ ವಿಧಿಸಿತ್ತು. ಆ ಕಾಯ್ದೆಯ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯಲ್ಲಿ ಒಟ್ಟುಗೂಡಿಸಲಾಗಿದೆ. ಬ್ರಿಟನ್ ಇನ್ನೂ ಮುಂದೆ ಹೋಗಿ, 1998ರ ಕೆಲಸದ ಉಪಕರಣಗಳ ನಿಯಮಗಳ ಅಡಿಯಲ್ಲಿ ಮರಗೆಲಸದ ಯಂತ್ರಗಳಿಗೆ ಬ್ರೇಕ್ ಅಳವಡಿಸುವ ಕಾರ್ಯಕ್ರಮ ಕೈಗೊಂಡಿತು. ಅಲ್ಲಿನ ಮಾರ್ಗಸೂಚಿಯ ಸಾಮಾನ್ಯ ಮಿತಿ 10 ಸೆಕೆಂಡು. ಯುರೋಪಿಗೆ ಯಂತ್ರ ರಫ್ತು ಮಾಡಲು ಬಯಸುವ ತಯಾರಕರು ನಿಲುಗಡೆಯ ಅವಧಿಯನ್ನು ವಿನ್ಯಾಸದ ಹಂತದಲ್ಲಿಯೇ ಗಮನಿಸುವುದು ಒಳಿತು.

ಅಳವಡಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಬ್ಲೇಡ್, ಚಕ್ ಅಥವಾ ಗ್ರೈಂಡಿಂಗ್ ಕಲ್ಲು ಸ್ಪಿಂಡಲ್‌ಗೆ ಹೇಗೆ ಬಿಗಿದಿದೆ? ಓಡುವಾಗ ತಾನಾಗಿ ಬಿಗಿಯುವ ಮರೆಯು ಬ್ರೇಕ್ ಬಿದ್ದಾಗ ಸಡಿಲಗೊಳ್ಳಬಹುದು. ಹಳೆಯ ಲೇತ್‌ಗಳಲ್ಲಿ ಮರೆಯ ಮೇಲೆ ಕೂರಿಸಿದ ಚಕ್ ಬಿಚ್ಚಿಕೊಂಡು ಹಾರುವ ಅಪಾಯವಿದೆ. ಇಂತಹ ಕಡೆ ಲಾಕಿಂಗ್ ವ್ಯವಸ್ಥೆ ಮಾಡದೆ ಬ್ರೇಕ್ ಅಳವಡಿಸಕೂಡದು.

2. ಮೋಟಾರಿನ ಟರ್ಮಿನಲ್‌ಗೇ ಪವರ್ ಫ್ಯಾಕ್ಟರ್ ಕೆಪಾಸಿಟರ್ ಜೋಡಿಸಿದ್ದರೆ ಅದನ್ನು ತೆಗೆದು ಮುಖ್ಯ ಪ್ಯಾನೆಲ್‌ಗೆ ಸ್ಥಳಾಂತರಿಸಬೇಕು. ಬ್ರೇಕ್ ಯೂನಿಟ್ ಅಥವಾ ಡ್ರೈವ್‌ನ ಹೊರಭಾಗದಲ್ಲಿ ಕೆಪಾಸಿಟರ್ ಇರುವುದು ಅದರ ಅರೆವಾಹಕಗಳಿಗೆ ಮಾರಕ.

3. ಮುಖ್ಯ ಕಾಂಟಾಕ್ಟರ್ ಮತ್ತು ಬ್ರೇಕ್ ಕಾಂಟಾಕ್ಟರ್ ಏಕಕಾಲಕ್ಕೆ ಮುಚ್ಚದಂತೆ ವಿದ್ಯುತ್ ಹಾಗೂ ಯಾಂತ್ರಿಕ ಇಂಟರ್‌ಲಾಕ್ ಎರಡೂ ಇರಬೇಕು.

4. ಬ್ರೇಕ್ ಬಲವು ಬೆಲ್ಟಿನ ಮೂಲಕ ಯಂತ್ರಕ್ಕೆ ತಲುಪುತ್ತದೆ. ಸವೆದ ಬೆಲ್ಟ್ ಜಾರಿದರೆ ಮೋಟಾರು ನಿಂತು ಗಾಲಿ ತಿರುಗುತ್ತಿರುತ್ತದೆ. ಬೆಲ್ಟಿನ ಬಿಗಿತವೂ ಇನ್ನು ಮುಂದೆ ಸುರಕ್ಷತೆಯ ವಿಷಯ.

5. ಸಾಫ್ಟ್ ಸ್ಟಾರ್ಟರಿನಲ್ಲಿರುವ ಸಾಫ್ಟ್ ಸ್ಟಾಪ್ ಬ್ರೇಕ್ ಅಲ್ಲ. ಪಂಪಿನ ಕೊಳವೆಗಳಲ್ಲಿ ನೀರಿನ ಹೊಡೆತ ತಪ್ಪಿಸಲು ಅದು ನಿಲುಗಡೆಯನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಬ್ರೇಕ್ ಬೇಕಿದ್ದವರು ಡಿ.ಸಿ. ಬ್ರೇಕ್ ಸೌಲಭ್ಯವಿರುವ ಮಾದರಿಯನ್ನೇ ಕೇಳಬೇಕು.

6. ಗಂಟೆಗೆ ಎಷ್ಟು ಬಾರಿ ನಿಲ್ಲಿಸಿ ಪ್ರಾರಂಭಿಸಬಹುದೆಂಬುದನ್ನು ತಯಾರಕರಿಂದ ಬರವಣಿಗೆಯಲ್ಲಿ ಪಡೆಯಬೇಕು. ಮೋಟಾರಿನ ಸುರುಳಿಯಲ್ಲಿ ಥರ್ಮಿಸ್ಟರ್ ಇದ್ದರೆ ಉತ್ತಮ.

ಉಪಸಂಹಾರ

ಅಪರೂಪಕ್ಕೆ ನಿಲ್ಲಿಸುವ, ಜಡತ್ವ ಕಡಿಮೆಯಿರುವ ಯಂತ್ರಕ್ಕೆ ಯಾವ ಬ್ರೇಕೂ ಬೇಡದಿರಬಹುದು. ಮರದ ಮಿಲ್ಲು, ಗ್ರೈಂಡರುಗಳಂತಹ ಸ್ಥಿರವೇಗದ ಯಂತ್ರಗಳಿಗೆ ಡಿ.ಸಿ. ಬ್ರೇಕ್ ಯೂನಿಟ್, ಈಗಾಗಲೇ ಡ್ರೈವ್ ಇರುವ ಯಂತ್ರಕ್ಕೆ ರೆಸಿಸ್ಟರ್, ಭಾರವನ್ನು ಎತ್ತಿಳಿಸುವ ಯಂತ್ರಕ್ಕೆ ತಪ್ಪದೆ ಯಾಂತ್ರಿಕ ಬ್ರೇಕ್ ಎಂಬುದು ಸ್ಥೂಲ ಸೂತ್ರ. ಆಯ್ಕೆಗೆ ಮೊದಲು ಉದ್ಯಮಿಯು ಮಾಡಬೇಕಾದ ಕೆಲಸಕ್ಕೆ ಖರ್ಚೇನೂ ಇಲ್ಲ. ಗಡಿಯಾರ ಹಿಡಿದು ತನ್ನ ಕಾರ್ಖಾನೆಯ ಪ್ರತಿ ಯಂತ್ರವೂ ಎಷ್ಟು ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದು ಅಳೆದು, ಆ ಸಂಖ್ಯೆಯನ್ನು ಯಂತ್ರದ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಬ್ರೇಕ್ ಅಳವಡಿಸಿದ ಮೇಲೆ ಕರೆಂಟು ಇಲ್ಲದಾಗಿನ ಅವಧಿಯನ್ನೂ ಅದರ ಪಕ್ಕದಲ್ಲಿ ಬರೆಸಬೇಕು. ಯಂತ್ರದ ಮುಂದೆ ನಿಲ್ಲುವವನಿಗೆ ಈ ಎರಡು ಸಂಖ್ಯೆಗಳು ತಿಳಿದಿರುವುದು ಬ್ರೇಕಿನಷ್ಟೇ ಅವಶ್ಯ.